ನಾಲ್ಕು ಚಕ್ರದ ಮೋಹ
ಕೊಂಡರೆ ಫೋರ್ ವೀಲ್ ಡ್ರೈವ್ ಟ್ರ್ಯಾಕ್ಟರನ್ನೇ ಕೊಳ್ಳಿ ಎಂದು ಮಂಡ್ಯದ ರೈತರಿಗೆಲ್ಲ ಉಪದೇಶಿಸಿದ ಲೇಖನ ಗದ್ದೆಯನ್ನು ಕಂಡಿದೆ, ರಸ್ತೆಯನ್ನು ಮರೆತಿದೆ. ವಿ.ಸಿ. ನಾಲೆಯ ಕೆಸರುಗದ್ದೆಯಲ್ಲಿ ಮುಂದಿನ ಗಾಲಿಯೂ ಎಳೆಯಬೇಕು, ಸರಿ. ಆದರೆ ಮದ್ದೂರು, ಮಳವಳ್ಳಿ ಕಡೆ ಕಬ್ಬು ಸಾಗಿಸುವವರ ದುಡಿಮೆ ಟಾರು ರಸ್ತೆಯ ಮೇಲೆ. ಲೋಡ್ ಎಳೆಯುವಾಗ ಭಾರ ಹಿಂದಕ್ಕೆ ವಾಲಿ ಮೂತಿ ಹಗುರಾಗುತ್ತದೆ. ಹಿಡಿತವೆಲ್ಲ ಹಿಂದಿನ ದೊಡ್ಡ ಗಾಲಿಗಳದ್ದು. ಡ್ರ್ಯಾಗ್ ರೇಸಿನ ಕಾರುಗಳು ಹಿಂದಿನ ಗಾಲಿಗಳನ್ನೇ ನಂಬುವುದೂ ಇದಕ್ಕೇ. ಮೇಲಾಗಿ ಫೋರ್ ವೀಲ್‌ನಲ್ಲಿ ಮುಂದಿನ ಗಾಲಿಗಳು ಸಾಮಾನ್ಯವಾಗಿ ಹಿಂದಿನವಕ್ಕಿಂತ ಶೇ. 1ರಿಂದ 5ರಷ್ಟು ವೇಗವಾಗಿ ಉರುಳುತ್ತವೆ. ಕೆಸರಿನಲ್ಲಿ ಅದು ಲಾಭ. ಗಟ್ಟಿ ರಸ್ತೆಯಲ್ಲಿ ಟೈರು ಸವೆದು ಗೇರು ನಲುಗುತ್ತದೆ. ರಸ್ತೆಗೆ ಬಂದಾಗ ಲಿವರ್ ಎಳೆದು ಫೋರ್ ವೀಲ್ ತೆಗೆದರಾಯಿತು ಎನ್ನುವವರಿದ್ದಾರೆ. ತೆಗೆಯಬಹುದು, ಆಗ ಹೆಚ್ಚು ತೆತ್ತ ದುಡ್ಡು ದಾರಿಯುದ್ದಕ್ಕೂ ಸುಮ್ಮನೆ ಕೂತಿರುತ್ತದೆ. ಭತ್ತ ಮುಖ್ಯವಾದವರು ನಾಲ್ಕು ಕೊಳ್ಳಲಿ. ಕಬ್ಬಿನ ಬಾಡಿಗೆಯೇ ಕಸುಬಾದವರಿಗೆ ಎರಡೇ ಸಾಕು.