ಹೌದು, ಟ್ಯಾಂಕ್ ನೋಡಾಕ ಹೋಗಿದ್ವಿ



ಹೋದ ವಾರ ನಾನು ಹಾಕಿದ ಒಂದು ಫೋಟೋ ಬಗ್ಗೆ ಬಹಳ ಮಾತು ಬಂತು. ಫೋಟೋದಲ್ಲಿ ನನ್ನ ಮಗ ಕೊರಳಿಗೆ ನೀಲಿ ಶಾಲು ಹಾಕಿಕೊಂಡು ಸೇನೆಯ ಟ್ಯಾಂಕ್ ಮುಂದೆ ನಿಂತಿದ್ದಾನೆ. "ಅಕ್ಕಾ, ನೀವೂ ಹಿಂಗಾದ್ರೇನು?" ಅಂತ ಒಬ್ಬ ತಮ್ಮ ಕೇಳಿದ. "ಬುದ್ಧನ ಹೆಸರು ಹೇಳೋರು ತೋಪಿನ ಮುಂದೆ ಫೋಟೋ ತೆಗೆಸಿಕೊಳ್ತಾರೆ" ಅಂತ ಇನ್ನೊಬ್ಬರು ಬರೆದರು. ಆ ಕಡೆಯಿಂದ, ಯಾವತ್ತೂ ನನ್ನ ಪೋಸ್ಟಿಗೆ ಒಂದು ಲೈಕ್ ಒತ್ತದವರು "ಈಗ ದೇಶಭಕ್ತಿ ಬಂತು ನೋಡ್ರಿ" ಅಂತ ಚಪ್ಪಾಳೆ ಹೊಡೆದರು. ಎರಡೂ ಮಾತು ನನಗೆ ಸೇರಲಿಲ್ಲ. ಇವತ್ತು ಭಾನುವಾರ, ಕೂತು ಬರೀತಿದ್ದೀನಿ. ಉದ್ದ ಆಗುತ್ತೆ, ಬೈಯೋ ಮೊದಲು ಪೂರ್ತಿ ಓದಿ.

ಪ್ರತಿ ವರ್ಷ ಜನವರಿ 1ಕ್ಕೆ ಭೀಮಾ ಕೋರೆಗಾಂವ್‌ಗೆ ಹೋಗೋದು ನಮ್ಮ ಮನೆಯ ರೂಢಿ. ಈ ಸಲ 1ನೇ ತಾರೀಕು ಬುಧವಾರ ಬಂತು, ನನ್ನ ರಜೆ ಅರ್ಜಿ ವಾಪಸ್ ಬಂತು. ಹಾಗಾಗಿ ಶುಕ್ರವಾರ ಸಂಜೆ ಆಫೀಸ್ ಮುಗಿಸಿ ಹೊರಡೋದು, ಭಾನುವಾರ ರಾತ್ರಿ ವಿಜಯಪುರಕ್ಕೆ ವಾಪಸ್ ಅಂತ ಮಾಡಿದ್ವಿ. ಮಗ ಹದಿನೇಳು ದಾಟಿದವನು, ಸೆಕೆಂಡ್ ಪಿಯುಸಿ. ಅವನಿಗೆ ಈಗ ನಮ್ಮ ಜೊತೆ ಎಲ್ಲಿಗೂ ಬರೋದು ಬೇಡ. ಆದರೆ 2025ರ ಸೇನಾ ದಿನದ ಪರೇಡ್ ಜನವರಿ 15ಕ್ಕೆ ಪುಣೆಯಲ್ಲಿ, ಅದಕ್ಕೂ ಮೊದಲು 3ರಿಂದ 5ರವರೆಗೆ ಅಲ್ಲಿನ ರೇಸ್‌ಕೋರ್ಸ್ ಮೈದಾನದಲ್ಲಿ 'ನೋ ಯುವರ್ ಆರ್ಮಿ' ಮೇಳ ಅಂತ ಅವನೇ ಮೊಬೈಲಿನಲ್ಲಿ ಹುಡುಕಿ ಇಟ್ಟಿದ್ದ. "ಅವ್ವಾ, ಸ್ತಂಭಕ್ಕೂ ಬರ್ತೀನಿ. ಮೊದಲ ಟ್ಯಾಂಕ್ ತೋರಿಸು" ಅಂದ. ಒಪ್ಪಂದ ಆಯ್ತು.

ಒಂದು ಕ್ರೂಸರ್, ಎಂಟು ಜನ. ನಮ್ಮ ಮನೆಯವರು, ಮಗ, ಮಾವ, ಅತ್ತೆ, ಮತ್ತೆ ನಮ್ಮ ಸಂಘಟನೆಯ ಒಂದು ಕುಟುಂಬ. ಮಾವನ ವಿಷಯ ಇಲ್ಲೇ ಹೇಳಬೇಕು. ಅವರು 1972ರಲ್ಲಿ ಸೇನೆ ಸೇರಿ 1989ರಲ್ಲಿ ಹವಾಲ್ದಾರ್ ಆಗಿ ಬಂದವರು. ಸರಬರಾಜು ದಳದಲ್ಲಿ ಡ್ರೈವರ್. ಹದಿನೇಳು ವರ್ಷ ಶಕ್ತಿಮಾನ್ ಲಾರಿ ಓಡಿಸಿದವರು. ಯುದ್ಧದ ಕಥೆ ಹೇಳು ಅಂದ್ರೆ ಡೀಸೆಲ್ಲು, ಗೇರು, ಹಿಮದಾಗ ಗಾಲಿಗೆ ಕಟ್ಟೋ ಸರಪಳಿ, ಇಷ್ಟೇ ಹೇಳ್ತಾರೆ.

ಶನಿವಾರ ಇಡೀ ದಿನ ಮೈದಾನದಲ್ಲಿ ಕಳೆದ್ವಿ. ಜನ ಅಂದ್ರೆ ಜನ. ಟಿ-90 ಟ್ಯಾಂಕು, ಬಿಎಂಪಿ, ಬೋಫೋರ್ಸ್ ತೋಪು, ಪಿನಾಕ ರಾಕೆಟ್ ಲಾರಿ. ಮಗ ಒಂದೊಂದರ ಮುಂದೆ ನಿಂತು ನನಗೆ ಪಾಠ ಹೇಳಿದ. ಟಿ-90 ಸುಮಾರು 46 ಟನ್, ತೋಪಿನ ಬಾಯಿ 125 ಮಿಲಿಮೀಟರ್. ಒಳಗೆ ಮೂರೇ ಜನ: ಕಮಾಂಡರ್, ಗುರಿ ಹಿಡಿಯೋನು, ಡ್ರೈವರ್. ಗುಂಡು ತುಂಬೋದಕ್ಕೆ ನಾಲ್ಕನೆಯವನು ಬೇಡ, ಯಂತ್ರವೇ ತುಂಬುತ್ತೆ. ಬಿಎಂಪಿ ಅಂದ್ರೆ ಪದಾತಿ ಸೈನಿಕರನ್ನ ಹೊಟ್ಟೆಯಲ್ಲಿಟ್ಟುಕೊಂಡು ಹೋಗೋ ಗಾಡಿ, ಮೂರು ಜನ ನಡೆಸೋರು, ಏಳು ಜನ ಹಿಂದೆ ಕೂರೋರು. ಅಲ್ಲಿದ್ದ ಯುವ ಸೈನಿಕರು ಮಕ್ಕಳಿಗೆ ಬೇಜಾರಿಲ್ಲದೆ ಉತ್ತರ ಹೇಳ್ತಿದ್ರು. ಗಾಡಿ ಪಕ್ಕದ ಬೋರ್ಡಿನಲ್ಲಿ ತೂಕ, ವೇಗ, ಗುಂಡಿನ ಅಳತೆ. ವಾಹನದ ಮೇಳದ ಬೋರ್ಡು ಅಷ್ಟೇ ಹೇಳೋದು, ಅದರಲ್ಲಿ ತಪ್ಪೇನಿಲ್ಲ. ಉಳಿದದ್ದನ್ನ ನಮ್ಮ ಮಕ್ಕಳಿಗೆ ಹೇಳೋದು ನಮ್ಮ ಕೆಲಸ. ಹೇಳ್ತೀವಾ? ನನ್ನ ಜಗಳ ಇರೋದು ಇಲ್ಲೇ, ನಮ್ಮವರ ಜೊತೆಗೇ.

ಹೆಸರುಗಳನ್ನ ನೋಡಿ ನನಗೆ ನಗು ಬಂತು, ಅದೂ ಹೇಳಿಬಿಡ್ತೀನಿ. ಟಿ-90ಗೆ ಭೀಷ್ಮ ಅಂತ ಹೆಸರು. ಇನ್ನೊಂದು ಟ್ಯಾಂಕು ಅರ್ಜುನ. ರಾಕೆಟ್ಟು ಪಿನಾಕ, ಸ್ವಯಂಚಾಲಿತ ತೋಪು ವಜ್ರ. ಮಹಾಭಾರತ ಪೂರಾ ಬಂದು ನಿಂತಿದೆ, ಏಕಲವ್ಯ ಮಾತ್ರ ನಾವು ನೋಡಿದ ಸಾಲಿನಲ್ಲಿ ಇರಲಿಲ್ಲ. "ನಾಗ ಅಂತ ಒಂದು ಕ್ಷಿಪಣಿ ಐತಿ, ಅದು ನಮ್ಮ ಕಡೀದು" ಅಂದ್ರು ಮಾವ.

ಆಮೇಲೆ ಮಗ ಭರ್ತಿ ಮಾಹಿತಿ ಕೊಡೋ ಕಡೆ ಹೋಗಿ ನಿಂತ. ಅಲ್ಲಿಗೆ ನನ್ನ ನಗು ನಿಂತಿತು. ಅವನು ಟ್ಯಾಂಕ್ ನೋಡೋದಕ್ಕಷ್ಟೇ ಬಂದವನಲ್ಲ ಅಂತ ಆಗ ಗೊತ್ತಾಯ್ತು. ಅಗ್ನಿವೀರ ಆಗಬೇಕು ಅಂತ ಅವನ ಮನಸ್ಸಿನಲ್ಲಿದೆ, ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ.

ರಾತ್ರಿ ಲಾಡ್ಜು ಹುಡುಕಲಿಲ್ಲ. ಎಂಟು ಜನಕ್ಕೆ ಪುಣೆಯಲ್ಲಿ ರೂಮು ನಮ್ಮ ಕಿಸೆಗೆ ಆಗೋದಲ್ಲ. ಪೆರ್ಣೆ ಹತ್ತಿರ ಪರಿಚಯದವರೊಬ್ಬರ ಕಬ್ಬು ಕಡಿದ ಹೊಲ ಇತ್ತು. ಕ್ರೂಸರ್ ಪಕ್ಕಕ್ಕೆ ತಾಡಪಾಲು ಕಟ್ಟಿ ಅಲ್ಲೇ ಬಿಡಾರ ಹೂಡಿದ್ವಿ. ಹೆಂಗಸರಿಗೆ ಕಷ್ಟ ಒಂದೇ, ಬೆಳಗಿನ ಜಾವ ಅರ್ಧ ಕಿಲೋಮೀಟರ್ ನಡೆದು ಢಾಬಾಕ್ಕೆ ಹೋಗಬೇಕಾಯ್ತು. ಉಳಿದಂತೆ ಆರಾಮ. ಕಟಕ ರೊಟ್ಟಿ, ಶೇಂಗಾ ಹಿಂಡಿ ಮನೆಯಿಂದ ತಂದಿದ್ವಿ, ಸ್ಟೋವಿನ ಮೇಲೆ ಜುಣಕ ಮಾಡಿದ್ವಿ. ಥಂಡಿ ಬಹಳ. ಎಲ್ಲರೂ ಹೊದ್ದುಕೊಂಡು ಕೂತಾಗ ಮಗನೇ ಮಾತು ತೆಗೆದ.

"ಅಜ್ಜಾ, ಮಿಲಿಟರ್ಯಾಗ ಜಾತಿ ಕೇಳ್ತಿದ್ರೇನು?"

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಗಾಡ್ಯಾಗ ಯಾರು ಕೇಳ್ತಾರಪಾ? ರಾತ್ರಿ ಎರಡಕ್ಕ ಗುಡ್ಡದ ಮ್ಯಾಲ ಲಾರಿ ನಿಂತಾಗ ನಾನು, ಜೋಡಿ ಡ್ರೈವರ್ ಇಬ್ರೂ ಒಂದ ಡಬ್ಬಿಯಾಗ ಉಂಡೀವಿ. ಅಂವ ಯಾವ ಜಾತಿಯಾಂವ ಅಂತ ನಂಗ ಇವತ್ತಿಗೂ ಗೊತ್ತಿಲ್ಲ" ಅಂದರು. ಆಮೇಲೆ 1978ರ ಮಾತು ಹೇಳಿದರು. ರಜೆ ಮೇಲೆ ಬಂದು, ಬಸ್ಸಿಳಿದು, ಯೂನಿಫಾರ್ಮ್ ಮೇಲೇ ಊರ ಹೋಟೆಲಿನಲ್ಲಿ ಚಹಾ ಕೇಳಿದ್ರಂತೆ. ನಮ್ಮವರಿಗೆ ಅಂತ ಗೋಡೆಯ ಹೊರಗೆ ಇಟ್ಟಿದ್ದ ಕಪ್ಪಿನಲ್ಲಿ ಕೊಟ್ಟರು.

"ನೀ ಏನ್ ಮಾಡ್ದಿ ಅಜ್ಜಾ? ಒಗದ್ಯೋ?"

"ಇಲ್ಲ. ಕುಡದು, ತೊಳದು ಇಟ್ಟು ಬಂದೆ. ನಾ ಒಡದಿದ್ರ ನಾ ರಜಾ ಮುಗಿಸಿ ಹೋಗಾಂವ. ಪೆಟ್ಟು ಕೇರಿಗೆ ಬೀಳ್ತಿತ್ತು."

ನಾನು ಆ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತು ವರ್ಷ ಆಯ್ತು. ಈ ಮಾತು ಆ ರಾತ್ರಿವರೆಗೆ ನನಗೆ ಗೊತ್ತಿರಲಿಲ್ಲ. ಅತ್ತೆಗೂ ಗೊತ್ತಿರಲಿಲ್ಲ.

ಇದು ಹಳೇ ಕಾಲದ್ದು ಅನ್ನೋರಿಗೆ: 2020ರ ಫೆಬ್ರುವರಿಯಲ್ಲಿ ಗುಜರಾತಿನ ಬನಾಸಕಾಂಠಾ ಜಿಲ್ಲೆಯಲ್ಲಿ ನಮ್ಮ ಹುಡುಗನೊಬ್ಬ, ಸೇನೆಯ ಜವಾನ, ತನ್ನ ಮದುವೆಗೆ ಕುದುರೆ ಹತ್ತಿದ. ದಿಬ್ಬಣದ ಮೇಲೆ ಕಲ್ಲು ಬಿತ್ತು. ಕೊನೆಗೆ ಪೊಲೀಸ್ ಕಾವಲಿನಲ್ಲಿ ಮದುವೆ ಆಯ್ತು. 46 ಟನ್ನಿನ ಟ್ಯಾಂಕ್ ಮೇಲೆ ಕೂರಬಹುದು, ಊರಾಗ ಕುದುರೆ ಮೇಲೆ ಕೂರಬಾರದು. ಕುದುರೆ ಅಂದಮೇಲೆ ಇದೂ ತಿಳೀಲಿ: ರಾಷ್ಟ್ರಪತಿಯವರ ಅಂಗರಕ್ಷಕ ದಳ ಕುದುರೆ ದಳ. ಅದಕ್ಕೆ ಇವತ್ತಿಗೂ ಜಾಟ್, ರಜಪೂತ, ಜಾಟ್ ಸಿಖ್ಖರನ್ನ ಮಾತ್ರ ತಗೊಳ್ಳೋದು. ಕೋರ್ಟಿಗೂ ಹೋಗಿದೆ ಈ ವಿಷಯ.

ಹಾಗಾದರೆ ಸೇನೆ ಬೇಡ ಅನ್ನೋಣವೇ? ನಮ್ಮ ಪ್ರಗತಿಪರ ಗೆಳೆಯರು ಅಲ್ಲಿಗೇ ಬರ್ತಾರೆ. ಯುದ್ಧ ಕೆಟ್ಟದ್ದು ಅನ್ನೋದರಲ್ಲಿ ನನಗೂ ಅನುಮಾನ ಇಲ್ಲ. ಆದರೆ ಒಂದು ಮಾತು. ನಾನು ಗುಮಾಸ್ತೆ. ಒಂದು ಸುತ್ತೋಲೆ ಎಷ್ಟು ಜನರ ಬಾಗಿಲು ಮುಚ್ಚುತ್ತೆ, ಒಂದು ಅರ್ಜಿ ಎಷ್ಟು ವರ್ಷ ಟೇಬಲ್ ಮೇಲೆ ಕೂರುತ್ತೆ ಅನ್ನೋದು ನನಗೆ ದಿನಾ ಕಾಣುತ್ತೆ. 1818ರಲ್ಲಿ ಕೋರೆಗಾಂವ್‌ನಲ್ಲಿ ಹೋರಾಡಿದ ಮಹಾರ್ ಸೈನಿಕರ ಮೊಮ್ಮಕ್ಕಳಿಗೆ 1890ರ ದಶಕದ ಶುರುವಿನಲ್ಲಿ ಬ್ರಿಟಿಷರು ಭರ್ತಿಯ ಬಾಗಿಲು ಹಾಕಿದರು. ಯುದ್ಧದಲ್ಲಿ ಸೋತಿದ್ದಕ್ಕಲ್ಲ. 'ಯೋಧ ಜಾತಿ' ಅಂತ ಒಂದು ಪಟ್ಟಿ ಮಾಡಿದರು, ಅದರಲ್ಲಿ ನಮ್ಮವರ ಹೆಸರಿಲ್ಲ, ಅಷ್ಟೇ. ನಿವೃತ್ತ ಸೈನಿಕ ಗೋಪಾಲ ಬಾಬಾ ವಲಂಗಕರ್ 1894ರಲ್ಲಿ ಇದರ ವಿರುದ್ಧ ಅರ್ಜಿ ಬರೆದರು. 1910ರಲ್ಲಿ ಶಿವರಾಮ ಜಾನಬಾ ಕಾಂಬಳೆ ಮತ್ತೆ ಬರೆದರು. ಮೊದಲನೇ ಮಹಾಯುದ್ಧಕ್ಕೆ ಜನ ಸಾಲದೇ ಹೋದಾಗ 1917ರಲ್ಲಿ 111ನೇ ಮಹಾರ್ ಪಲ್ಟನ್ ಕಟ್ಟಿದರು, ಯುದ್ಧ ಮುಗಿದು 1921ಕ್ಕೆ ಕಿತ್ತು ಹಾಕಿದರು. ಮುಂದೆ ಬಾಬಾಸಾಹೇಬರು ವೈಸರಾಯರ ರಾಷ್ಟ್ರೀಯ ರಕ್ಷಣಾ ಮಂಡಳಿಯೊಳಗೆ ಬಂದ ವರ್ಷವೇ, 1941ರ ಅಕ್ಟೋಬರಿನಲ್ಲಿ, ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಎದ್ದಿತು. ಎಲ್ಲಿ ಗೊತ್ತಾ? ನಮ್ಮ ಬೆಳಗಾವಿಯಲ್ಲಿ. ಉತ್ತರದಲ್ಲಿ 1943ರಲ್ಲಿ ಕಟ್ಟಿದ ಚಮಾರ್ ರೆಜಿಮೆಂಟನ್ನ 1946ರಲ್ಲೇ ವಿಸರ್ಜಿಸಿದರು. ಬೇಕಾದಾಗ ಕರೆಯೋದು, ಸಾಕಾದಾಗ ಕಳಿಸೋದು.

ಇನ್ನೊಂದು ಕೇಳಿ. ಬಿಎಂಪಿ ಅಂತ ಗಾಡಿ ನೋಡಿದ್ವಲ್ಲ, ಆ ಗಾಡಿಗಳ ಮೇಲೆ ನಡೆಯೋ ಯಾಂತ್ರೀಕೃತ ಪದಾತಿ ದಳಕ್ಕೆ ರೂಪ ಕೊಟ್ಟವರು ಜನರಲ್ ಸುಂದರ್‌ಜಿ. ಅವರು ಅಧಿಕಾರಿಯಾಗಿ ಮೊದಲು ಸೇರಿದ್ದು ಮಹಾರ್ ರೆಜಿಮೆಂಟಿಗೆ. ಮಗನಿಗೆ ಟ್ಯಾಂಕಿನ ನಟ್ಟು ಬೋಲ್ಟು ಪೂರಾ ಗೊತ್ತು, ಇದು ಗೊತ್ತಿರಲಿಲ್ಲ. ಅವನ ತಪ್ಪೇನಿದೆ? ನಾವು ಕಾರ್ಯಕ್ರಮದಲ್ಲಿ 'ಕೋರೆಗಾಂವ್ ವೀರರಿಗೆ ಜೈ' ಅಂತ ಕೂಗಿಸ್ತೀವಿ. 1818ರಿಂದ ಇಲ್ಲಿವರೆಗಿನ ಆ ಕಾಗದಗಳ ಜಗಳವನ್ನ ಹೇಳೋದಿಲ್ಲ.

ಇನ್ನು ಮಗನ ವಿಷಯ. ತಾಡಪಾಲಿನ ಕೆಳಗೆ ಮೊಬೈಲ್ ಬೆಳಕಿನಲ್ಲಿ ಲೆಕ್ಕ ಹಾಕಿದ್ವಿ. ಅಗ್ನಿಪಥ 2022ರಲ್ಲಿ ಬಂತು. ಮೊದಲ ವರ್ಷ ತಿಂಗಳಿಗೆ 30,000, ಅದರಲ್ಲಿ 9,000 ನಿಧಿಗೆ ಹಿಡಿದು ಕೈಗೆ 21,000. ನಾಲ್ಕು ವರ್ಷಕ್ಕೆ ಸೇವಾ ನಿಧಿ ಸುಮಾರು 11.71 ಲಕ್ಷ. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ನೂರಕ್ಕೆ ಹೆಚ್ಚೆಂದರೆ 25 ಜನರನ್ನ ಇಟ್ಟುಕೊಳ್ತಾರೆ, ಉಳಿದವರು ಮನೆಗೆ. ಸೈನಿಕರ ಭರ್ತಿಯಲ್ಲಿ ಪರಿಶಿಷ್ಟರಿಗೆ ಮೀಸಲಾತಿ ಇಲ್ಲ, ಆದರೆ ಜಾತಿ ಪ್ರಮಾಣಪತ್ರ ಕೇಳ್ತಾರೆ. 2022ರಲ್ಲಿ ಇದರ ಮೇಲೆ ಗದ್ದಲ ಎದ್ದಾಗ, ಇದು ಮೊದಲಿಂದಲೂ ಇರೋ ಪದ್ಧತಿ ಅಂತ ಸೇನೆ ಹೇಳಿತು.

ಮಾವ ಮೂವತ್ತೇಳನೇ ವಯಸ್ಸಿಗೆ ಪಿಂಚಣಿ ತಗೊಂಡು ಬಂದವರು. ಆ ಪಿಂಚಣಿಯಲ್ಲಿ ನಮ್ಮ ಮನೆಯವರ ಓದು ಆಯ್ತು, ನಾದಿನಿ ಬಿ.ಇಡಿ ಆಯ್ತು, ಕೇರಿ ಬಿಟ್ಟು ಲೇಔಟಿನಲ್ಲಿ ಮನೆ ಆಯ್ತು. ಊರ ಹೋಟೆಲಿನ ಕಪ್ಪು ಸೇನೆಯಿಂದ ಬದಲಾಗಲಿಲ್ಲ ನಿಜ. ಆದರೆ ಆ ಕಪ್ಪಿನ ಹಂಗಿಲ್ಲದೆ ಬದುಕೋಕೆ ಆಗಿದ್ದು ತಿಂಗಳಾ ಬರೋ ಆ ರೊಕ್ಕದಿಂದ. ಬಾಬಾಸಾಹೇಬರ ತಂದೆ ರಾಮ್‌ಜಿ ಸುಬೇದಾರರು ಸೇನೆಯ ಶಾಲೆಯಲ್ಲಿ ಮಾಸ್ತರ್ ಆಗಿದ್ದರು, ಬಾಬಾಸಾಹೇಬರು ಹುಟ್ಟಿದ್ದೇ 1891ರಲ್ಲಿ ಮಹೂ ದಂಡಿನಲ್ಲಿ. ನಮಗೆ ಸೇನೆ ಕೊಟ್ಟಿದ್ದು ಬಂದೂಕಕ್ಕಿಂತ ಹೆಚ್ಚಾಗಿ ಅಕ್ಷರ, ಪಿಂಚಣಿ, ಊರು ಬಿಟ್ಟು ಹೊರಗೆ ಒಂದು ವಿಳಾಸ. ಈಗ ಅದರಲ್ಲಿ ಪಿಂಚಣಿ ತೆಗೆದಿದ್ದಾರೆ. ಇಪ್ಪತ್ತೊಂದು ಇಪ್ಪತ್ತೆರಡಕ್ಕೆ ವಾಪಸ್ ಬರೋ ಹುಡುಗ ಎಲ್ಲಿಗೆ ಬರ್ತಾನೆ? ಅದೇ ಊರಿಗೆ. ಆದ್ದರಿಂದ ನಾವು ದನಿ ಎತ್ತಬೇಕಾದ್ದು ಟ್ಯಾಂಕಿನ ಫೋಟೋ ಮೇಲಲ್ಲ, ಆ ನಾಲ್ಕು ವರ್ಷದ ಮೇಲೆ. ನಮ್ಮ ಸಂಘಟನೆಗಳ ಹಕ್ಕೊತ್ತಾಯಗಳಲ್ಲಿ ಅದು ಎಷ್ಟನೇ ಸಾಲಿನಲ್ಲಿದೆ, ಒಮ್ಮೆ ತೆಗೆದು ನೋಡಿ.

ಭಾನುವಾರ ಬೆಳಿಗ್ಗೆ ಸ್ತಂಭಕ್ಕೆ ಹೋದ್ವಿ. 1ನೇ ತಾರೀಕಿನ ಲಕ್ಷಾಂತರ ಜನ ಇಲ್ಲ, ನಿಧಾನಕ್ಕೆ ಓದೋಕೆ ಆಯ್ತು. ಮಡಿದವರ ಹೆಸರಿನಲ್ಲಿ 'ನಾಕ್' ಅಂತ ಮುಗಿಯೋವು ಮಹಾರರವು. ಮಗ ಬೆರಳಿಟ್ಟು ಎಣಿಸಿದ, 22. ನಾವು ಛಲವಾದಿಗಳು, ಮಹಾರರಲ್ಲ. ಆದರೂ ಇಲ್ಲಿಂದ ಹರಿಯೋ ಭೀಮಾ ನಮ್ಮ ಇಂಡಿ, ಸಿಂದಗಿ ತಾಲ್ಲೂಕಿನ ಅಂಚಿಗೇ ಬರೋದು. ಮಾವ ಸ್ತಂಭದ ಮುಂದೆ ಅಟೆನ್ಷನ್ ನಿಂತು ಸೆಲ್ಯೂಟ್ ಹೊಡೆದರು. ಎಪ್ಪತ್ತೆರಡು ವರ್ಷದ ಮೊಣಕಾಲು, ಸ್ವಲ್ಪ ನಡುಗಿತು. ಆ ಫೋಟೋ ನಾನು ಹಾಕಿಲ್ಲ, ಅವರು ಬೇಡ ಅಂದರು.

ಮಗ ಏನು ಮಾಡ್ತಾನೋ ಇನ್ನೂ ಹೇಳಿಲ್ಲ. ಮಾರ್ಚಿನಲ್ಲಿ ಪರೀಕ್ಷೆ ಇದೆ, ಮೊದಲು ಅದನ್ನ ಬರಿ ಅಂದಿದ್ದೀನಿ. ವಾಪಸ್ ಬರುವಾಗ ಸೊಲ್ಲಾಪುರ ದಾಟಿದ ಮೇಲೆ "ಅವ್ವಾ, ಆ 1894ರ ಅರ್ಜಿ ಎಲ್ಲಿ ಸಿಗತೈತಿ ಓದಾಕ?" ಅಂತ ಕೇಳಿದ. ಹುಡುಕ್ತಿದ್ದೀನಿ. ಯಾರ ಹತ್ತಿರವಾದರೂ ಕನ್ನಡದಲ್ಲೋ ಮರಾಠಿಯಲ್ಲೋ ಇದ್ದರೆ ಇನ್‌ಬಾಕ್ಸಿಗೆ ಕಳಿಸಿ.

ಬರೋ ವರ್ಷ ಎರಡು ಕ್ರೂಸರ್ ಮಾಡೋ ವಿಚಾರ ಇದೆ. ಬರೋರು ಡಿಸೆಂಬರ್ ಮೊದಲ ವಾರದೊಳಗೆ ಹೇಳಿ. ತಾಡಪಾಲು ನಮ್ಮ ಹತ್ತಿರ ಇದೆ, ಹೊದಿಕೆ ಮಾತ್ರ ನೀವೇ ತರಬೇಕು, ಥಂಡಿ ಜೋರಿರುತ್ತೆ.

ಜೈಭೀಮ್.