ಉಳಿ ಮುಟ್ಟದ ಕಲ್ಲು

ನಮ್ಮೂರು ಶಿವಾರಪಟ್ಟಣ ಅಂದ್ರೆ ಆಫೀಸಿನಲ್ಲಿ ಎಲ್ಲರೂ ಕೇಳೋದು ಒಂದೇ ಪ್ರಶ್ನೆ, "ಅದೆಲ್ಲಿ ಬರತ್ತೆ?" ಕೋಲಾರ ಜಿಲ್ಲೆ, ಮಾಲೂರು ತಾಲ್ಲೂಕು ಅಂದ್ರೂ ಗೊತ್ತಾಗಲ್ಲ. "ಕಲ್ಲಿನ ವಿಗ್ರಹ ಮಾಡ್ತಾರಲ್ಲ, ಆ ಊರು" ಅಂದ ಮೇಲೆ ಒಬ್ಬಿಬ್ಬರು "ಓಹ್" ಅಂತಾರೆ. ಊರೊಳಗೆ ಕಾಲಿಟ್ಟರೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗತ್ತೆ. ಟಕ್ ಟಕ್ ಟಕ್... ಈಗೀಗ ಅದರ ಮೇಲೆ ಗ್ರೈಂಡರ್‌ಗಳ ಕಿರುಚಾಟ. ಬೀದಿ ಬದಿಯಲ್ಲಿ ಅರ್ಧ ಮುಗಿದ ಗಣಪತಿ, ಮೂಗು ಇನ್ನೂ ಮೂಡದ ಆಂಜನೇಯ, ಪಕ್ಕದಲ್ಲೇ ಹಾಲಿನ ಕ್ಯಾನು ಇಟ್ಟುಕೊಂಡು ಕೂತ ಅಜ್ಜಿ.

ನಮ್ಮ ತಾತ ಶಿಲ್ಪಿ. ಅಪ್ಪ ಉಳಿ ಹಿಡಿಯಲಿಲ್ಲ, ನಾನು ಇಂಜಿನಿಯರಿಂಗ್ ಓದಿ ಕೀಬೋರ್ಡ್ ಹಿಡಿದೆ. ಹಾಗಾಗಿ ಕಲ್ಲಿನ ಬಗ್ಗೆ ಮಾತಾಡೋ ಯೋಗ್ಯತೆ ನನಗೆ ಎಷ್ಟಿದೆಯೋ ಗೊತ್ತಿಲ್ಲ. ಆದರೂ ಒಂದು ವಿಷಯ ತಲೆಯಲ್ಲಿ ಕೊರೀತಾ ಇದೆ, ಬರೆದುಬಿಡ್ತೀನಿ.

ಮೊನ್ನೆ ಫೆಬ್ರವರಿಯಲ್ಲಿ ಟೀಮಿನವರೆಲ್ಲ ಸೇರಿ ಉಡುಪಿಗೆ ಹೋಗಿದ್ವಿ. ಮಲ್ಪೆಯಿಂದ ಬೋಟಿನಲ್ಲಿ ಸೇಂಟ್ ಮೇರೀಸ್ ದ್ವೀಪ. ದಡದಿಂದ ಸುಮಾರು ಆರು ಕಿಲೋಮೀಟರ್. ಒಂದೇ ದ್ವೀಪ ಅಂದುಕೊಂಡಿದ್ದೆ, ಅಲ್ಲ. ಕರಾವಳಿಗೆ ಸಮನಾಗಿ ಉತ್ತರ-ದಕ್ಷಿಣಕ್ಕೆ ಚದುರಿಕೊಂಡ ದ್ವೀಪಗಳ ಸಾಲು ಅದು. ನಾಲ್ಕು ಮುಖ್ಯವಾದವು. ನಾವೆಲ್ಲ ಹೋಗಿ ಇಳಿಯೋದು ತೆಂಗಿನ ಮರಗಳಿರೋ ದ್ವೀಪಕ್ಕೆ. ಸ್ಥಳೀಯರಿಗೆ ಅದು ತೋನ್ಸೆಪಾರ್. ಉದ್ದ ಅರ್ಧ ಕಿಲೋಮೀಟರ್ ಇದ್ದರೆ ಹೆಚ್ಚು, ಅಗಲ ನೂರು ಮೀಟರ್. ಅಂದ್ರೆ ನಮ್ಮೂರ ಕೆರೆ ಏರಿ ಮೇಲೆ ಒಂದು ಸುತ್ತು ಹೊಡೆದಷ್ಟು ಹೊತ್ತಿನಲ್ಲಿ ನೋಡಿ ಮುಗಿಸಬಹುದು. ಮುಗಿಸಿದ್ವಿ ಕೂಡ! ಮರಳಿಗಿಂತ ಕಪ್ಪೆಚಿಪ್ಪೇ ಜಾಸ್ತಿ, ಎಳನೀರು, ಸೆಲ್ಫಿ, ವಾಪಸ್.

ಆದರೆ ನಾನು ನಿಂತುಬಿಟ್ಟಿದ್ದು ಅಲ್ಲಿಯ ಕಂಬಗಳ ಮುಂದೆ. ಸಾಲು ಸಾಲಾಗಿ, ಒಂದಕ್ಕೊಂದು ಅಂಟಿಕೊಂಡು ನಿಂತ ಕಲ್ಲುಕಂಬಗಳು. ಐದು ಮೂಲೆ, ಆರು ಮೂಲೆ, ಕೆಲವಕ್ಕೆ ಏಳು. ಎತ್ತರದವು ಆರು ಮೀಟರಿನಷ್ಟಿವೆ. ಸಮುದ್ರದ ಅಂಚಿನಲ್ಲಿ ತುಂಡಾಗಿ ನಿಂತವು ಯಾರೋ ಹಾಸಿದ ಚಪ್ಪಡಿ ಥರ ಕಾಣತ್ತವೆ. ಶಿಲ್ಪಿ ಮನೆಯಲ್ಲಿ ಹುಟ್ಟಿದವನಿಗೆ ಇದನ್ನ ನೋಡಿದ ತಕ್ಷಣ ಬರೋ ಪ್ರಶ್ನೆ "ಯಾರು ಕೆತ್ತಿದ್ದು?" ಅಂತಲೇ.

ಯಾರೂ ಕೆತ್ತಿಲ್ಲ. ನಮ್ಮ ಕೋಲಾರದವರಿಗೆ ಇದು ಅರ್ಥವಾಗೋದು ಸುಲಭ. ಬೇಸಿಗೆಯಲ್ಲಿ ಒಣಗಿದ ಕೆರೆ ಅಂಗಳ ನೋಡಿದ್ದೀರಲ್ಲ? ಮಣ್ಣು ಒಣಗ್ತಾ ಕುಗ್ಗತ್ತೆ, ಕುಗ್ಗಿದಾಗ ಬಿರುಕು ಬಿಡತ್ತೆ, ಬಿರುಕುಗಳು ಒಂದಕ್ಕೊಂದು ಸೇರಿ ಹೆಂಚು ಹಾಸಿದ ಹಾಗೆ ಆಗತ್ತೆ. (2018ರಲ್ಲಿ ಕೆ.ಸಿ. ವ್ಯಾಲಿ ನೀರು ಹರಿಸಲು ಶುರು ಮಾಡಿದ ಮೇಲೆ ಎಷ್ಟೋ ಕೆರೆಗಳಲ್ಲಿ ಆ ಬಿರುಕು ಕಾಣಲ್ಲ. ಆ ನೀರಿನ ಕಥೆ ಇನ್ನೊಂದು ದಿನ!) ಇಲ್ಲೂ ಅದೇ ಲೆಕ್ಕ, ಮಣ್ಣಿನ ಬದಲು ಲಾವಾ, ಒಣಗೋ ಬದಲು ಆರೋದು. ಕರಗಿದ ಕಲ್ಲು ಹರಿದು ನಿಂತು, ಮೇಲಿಂದಲೂ ಕೆಳಗಿಂದಲೂ ತಣ್ಣಗಾಗ್ತಾ ಕುಗ್ಗಿದೆ. ಎಳೆತ ಎಲ್ಲ ಕಡೆಗೂ ಸಮ ಇದ್ದಾಗ ಬಿರುಕು ಮೂರು ದಿಕ್ಕಿಗೆ ಒಡೆಯತ್ತೆ, ಅಂಥ ಬಿರುಕುಗಳು ಸೇರಿದರೆ ಷಟ್ಕೋನ. ತಣ್ಣಗಾಗೋದು ಒಳಗೆ ಇಳೀತಾ ಹೋದ ಹಾಗೆ ಬಿರುಕೂ ಇಳಿಯತ್ತೆ. ಮೇಲಿನ ಷಟ್ಕೋನ ಹಾಗೇ ಇಳಿದು ಕಂಬ ಆಗತ್ತೆ. ನಿಧಾನವಾಗಿ ಆರಿದರೆ ದಪ್ಪ ಕಂಬ, ಬೇಗ ಆರಿದರೆ ಸಣ್ಣದು. ಜೇನುಗೂಡಿಗೂ ಇದಕ್ಕೂ ಆಕಾರ ಒಂದೇ, ಕಾರಣ ಬೇರೆ.

ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇಯಲ್ಲೂ ಇಂಥವೇ ಸುಮಾರು 40,000 ಕಂಬಗಳಿವೆ. ಅದು 1986ರಲ್ಲೇ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಅದರ ವಯಸ್ಸು ಸುಮಾರು ಆರು ಕೋಟಿ ವರ್ಷ. ನಮ್ಮ ಮಲ್ಪೆಯ ಕಂಬಗಳದ್ದು ಸುಮಾರು ಎಂಟೂವರೆ ಕೋಟಿ. ಮಹಾರಾಷ್ಟ್ರದಲ್ಲೆಲ್ಲ ಹರಡಿರೋ ದಖ್ಖನ್ ಲಾವಾಕ್ಕಿಂತಲೂ ಇದು ಎರಡು ಕೋಟಿ ವರ್ಷ ಹಿರಿಯ. ಎಲ್ಲರೂ ಇದನ್ನ ಬಸಾಲ್ಟ್ ಅಂತಲೇ ಬರೀತಾರೆ, ಆದರೆ ರಾಸಾಯನಿಕ ವಿಶ್ಲೇಷಣೆ ಮಾಡಿದವರು ಹೇಳೋದು ಇದು ರಯೋಲೈಟ್-ಡೇಸೈಟ್ ಜಾತಿಯ ಕಲ್ಲು, ಸಿಲಿಕಾ ಜಾಸ್ತಿ ಅಂತ. ಆಗಿನ ಕಾಲಕ್ಕೆ ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡಿತ್ತು. ಎರಡೂ ಬೇರೆಯಾಗುವಾಗ ಎದ್ದ ಜ್ವಾಲಾಮುಖಿಗಳ ಗುರುತು ಇದು. ಅದೇ ಕಾಲದ ಲಾವಾ ಮಡಗಾಸ್ಕರಿನಲ್ಲೂ ಇದೆ. ಅಣ್ಣ-ತಮ್ಮ ಪಾಲಾದಾಗ ಬಿದ್ದ ಗೋಡೆಯ ಎರಡು ಮುಖದ ಹಾಗೆ.

ಇನ್ನು ಹೆಸರಿನ ವಿಷಯ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಹೋಗೋ ಮೊದಲು ಇಲ್ಲಿ ಇಳಿದ ಅಂತ ಎಷ್ಟೋ ಕಡೆ ಓದಿದ್ದೆ. ಅದು ತಲೆಕೆಳಗು. ಆ ಪ್ರಯಾಣದ ದಿನಚರಿಯ ಪ್ರಕಾರ, ಅವನು ಸಾಂಟಾ ಮರಿಯಾ ಹೆಸರಿನ ಕಂಬ ನೆಟ್ಟಿದ್ದು 1498ರಲ್ಲಿ ಕಲ್ಲಿಕೋಟೆಯಿಂದ ವಾಪಸ್ ಹೊರಟ ಮೇಲೆ, ಅಂಜುದೀವ್‌ಗೆ ಹೋಗೋ ದಾರಿಯಲ್ಲಿ. ಆ ನಡುಗಡ್ಡೆ ಇದೇ ಅನ್ನೋದು ವಾಡಿಕೆ. ನನಗೆ ನಗು ಬಂದಿದ್ದು ಏನಕ್ಕೆ ಅಂದ್ರೆ, ಪೋರ್ಚುಗೀಸರು ಇಂಥ ಕಂಬಗಳನ್ನ ಊರಿಂದಲೇ ಹಡಗಿನಲ್ಲಿ ಹೇರಿಕೊಂಡು ಬರ್ತಿದ್ದರು. ಅಷ್ಟು ದೂರದಿಂದ, ಆಫ್ರಿಕಾ ಸುತ್ತಿ, ಒಂದು ಕಲ್ಲುಕಂಬ ತಂದು ನೆಟ್ಟಿದ್ದಾದರೂ ಎಲ್ಲಿ? ಕಲ್ಲುಕಂಬಗಳಿಂದಲೇ ಆದ ದ್ವೀಪದಲ್ಲಿ! :-) ಅವನು ನೆಟ್ಟ ಕಂಬ ಈಗ ಅಲ್ಲಿಲ್ಲ. ಮೊದಲಿದ್ದವು ಇವೆ.

ಈಗ ನನ್ನ ತಕರಾರಿಗೆ ಬರ್ತೀನಿ.

ಈ ದ್ವೀಪವನ್ನ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ "ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ" ಅಂತ ಘೋಷಿಸಿದೆ. ಹೆಸರು ಕೇಳಿದರೆ ಕೈ ಮುಗಿಯೋಣ ಅನ್ಸತ್ತೆ. ಆದರೆ ಆ ಹೆಸರಿನ ಹಿಂದೆ ಪ್ರತ್ಯೇಕವಾದ ಒಂದು ಕಾನೂನಿಲ್ಲ. ಕರಾವಳಿ ನಿಯಂತ್ರಣ ವಲಯದ ನಿಯಮಗಳು ಇರೋದ್ರಿಂದ ಅಲ್ಲಿ ಮನಸ್ಸಿಗೆ ಬಂದ ಹಾಗೆ ಕಟ್ಟಡ ಎಬ್ಬಿಸೋಕಾಗಲ್ಲ, ಅದೊಂದು ಪುಣ್ಯ. ಕಲ್ಲಿಗೇ ಅಂತ ಮಾಡಿದ ರಕ್ಷಣೆ ಎಲ್ಲಿದೆ? ನಮ್ಮಲ್ಲಿ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆ ಇದೆ. ಅದು ನೋಡೋದು ಕಟ್ಟಡ, ಗುಹೆ, ಬಂಡೆಯ ಮೇಲಿನ ಶಿಲ್ಪ, ಶಾಸನ, ಇಂಥವನ್ನ. ಕನಿಷ್ಠ ನೂರು ವರ್ಷ ಹಳೆಯದಾಗಿರಬೇಕು. ಅದರಡಿ ರಕ್ಷಿತ ಅಂತ ಘೋಷಣೆಯಾದ ಸ್ಮಾರಕದ ಸುತ್ತ ನೂರು ಮೀಟರ್ ಒಳಗೆ ಹೊಸದಾಗಿ ಏನೂ ಕಟ್ಟೋ ಹಾಗಿಲ್ಲ ಅಂತ 2010ರ ತಿದ್ದುಪಡಿ ಇದೆ. ನಾನು ವಕೀಲನಲ್ಲ, ಆದರೆ ಇದನ್ನ ಓದಿದಾಗ ನನಗೆ ಅರ್ಥವಾಗಿದ್ದು ಇಷ್ಟು: ನೂರು ವರ್ಷದ ಹಿಂದೆ ನಮ್ಮ ಮುತ್ತಾತನಂಥವರು ಯಾರಾದರೂ ಒಂದು ಬಂಡೆ ಮೇಲೆ ನಾಗರಹೆಡೆ ಕೆತ್ತಿದ್ದರೆ, ಅದಕ್ಕೆ ಕಾನೂನಿನ ಬಾಗಿಲು ತೆರೆಯತ್ತೆ. ಉಳಿ ಮುಟ್ಟದೇ ಎಂಟೂವರೆ ಕೋಟಿ ವರ್ಷ ನಿಂತ ಕಂಬಕ್ಕೆ ತೆರೆಯಲ್ಲ.

ಇದನ್ನ ಸರಿಪಡಿಸೋ ಮಾತು ಬಂದೇ ಇಲ್ಲ ಅಂತಲ್ಲ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಗಣಿ ಸಚಿವಾಲಯ ಭೂ-ಪರಂಪರೆಯ ತಾಣಗಳ ರಕ್ಷಣೆಗೆ ಒಂದು ಮಸೂದೆಯ ಕರಡು ಹೊರಡಿಸಿ ಜನರ ಅಭಿಪ್ರಾಯ ಕೇಳಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಈ ದ್ವೀಪಸಮೂಹ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿತು. ದೇಶದಿಂದ ಆಗ ಸೇರಿದ ಏಳು ನೈಸರ್ಗಿಕ ತಾಣಗಳಲ್ಲಿ ಇದೂ ಒಂದು. ಖುಷಿಯಾಯ್ತು. ಆದರೆ ತಾತ್ಕಾಲಿಕ ಪಟ್ಟಿ ಅಂದ್ರೆ ಅರ್ಜಿ ಹಾಕೋಕೆ ಮುಂಚಿನ ಟೋಕನ್ ಇದ್ದ ಹಾಗೆ. ಟೋಕನ್ ತೋರಿಸಿ ಯಾರ ಕೈಯನ್ನೂ ತಡೆಯೋಕಾಗಲ್ಲ.

ಕರ್ನಾಟಕದಲ್ಲಿ ಇಂಥ ಸ್ಮಾರಕಗಳು ಇರೋದೇ ನಾಲ್ಕು. ಮಲ್ಪೆಯದ್ದು, ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ, ಬೆಂಗಳೂರಿನ ಲಾಲ್‌ಬಾಗ್ ಬಂಡೆ, ನಾಲ್ಕನೆಯದು... ಕೂತಿದ್ದೀರಾ? ನಮ್ಮ ಕೋಲಾರ ಜಿಲ್ಲೆಯ ಪೆದ್ದಪಲ್ಲಿ! ಚಿನ್ನದ ಗಣಿ ಸೀಮೆಯ ಜ್ವಾಲಾಮುಖಿ ಶಿಲೆ, ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯದು. ಅದರ ಮುಂದೆ ಮಲ್ಪೆಯ ಕಂಬಗಳು ತೊಟ್ಟಿಲ ಕೂಸು. ಇದೇ ಜಿಲ್ಲೆಯಲ್ಲಿ ಹುಟ್ಟಿ, ಕಲ್ಲಿನ ಮಧ್ಯೆಯೇ ಬೆಳೆದ ನನಗೆ ಈ ಹೆಸರು ಗೊತ್ತಾಗಿದ್ದು ಮಲ್ಪೆಯಿಂದ ಬಂದ ಮೇಲೆ ನೆಟ್‌ನಲ್ಲಿ ಹುಡುಕಿದಾಗ. ಲಾಲ್‌ಬಾಗ್ ಬಂಡೆ ಮೇಲೆ ಎಷ್ಟು ಸಲ ಕಡ್ಲೆಕಾಯಿ ತಿಂದಿದ್ದೀನೋ ಲೆಕ್ಕವಿಲ್ಲ. ಅದರ ವಯಸ್ಸು ಮುನ್ನೂರು ಕೋಟಿ ವರ್ಷ ಅಂತ ಆಗ ತಲೆಗೆ ಹೋಗಿರಲಿಲ್ಲ. 2025ರಲ್ಲಿ ಸುರಂಗ ರಸ್ತೆಗೆ ಲಾಲ್‌ಬಾಗಿನ ಜಾಗದ ಮಾತು ಬಂದಾಗ ಜನ ಬೀದಿಗೆ ಇಳಿದರು. ಅದು ಬೆಂಗಳೂರು, ದಿನಾ ವಾಕ್ ಮಾಡೋರು ಇದ್ದಾರೆ, ಕ್ಯಾಮೆರಾಗಳು ಬಂದವು. ಪೆದ್ದಪಲ್ಲಿಯ ಬಂಡೆಗೆ ಯಾರು ಬರ್ತಾರೆ?

"ಕಲ್ಲು ಒಡೆದು ತಿನ್ನೋ ಜಿಲ್ಲೆಯವನು ಕಲ್ಲು ಉಳಿಸಿ ಅಂತೀಯಲ್ಲ" ಅಂತ ನನ್ನ ರೂಮ್‌ಮೇಟ್ ಕಾಲೆಳೆದ. ಅದೂ ನಿಜವೇ. ಟೇಕಲ್ ಕಡೆ ಬಂಡೆ ಕೆಲಸ ನಂಬಿಕೊಂಡ ಮನೆಗಳಿವೆ. ನಮ್ಮೂರಿಗೆ ಮೈಸೂರು ಕಡೆಯಿಂದ ಲಾರಿಯಲ್ಲಿ ಕೃಷ್ಣಶಿಲೆ ಬರದಿದ್ದರೆ ನನ್ನ ಇಂಜಿನಿಯರಿಂಗ್ ಫೀಸು ಎಲ್ಲಿಂದ ಬರ್ತಿತ್ತು? ಎಲ್ಲ ಕಲ್ಲನ್ನೂ ಪೂಜೆ ಮಾಡಿ ಅಂತ ನಾನು ಹೇಳ್ತಿಲ್ಲ. ನಾಲ್ಕೇ ನಾಲ್ಕು ಜಾಗ. ದ್ವೀಪ ಮುಚ್ಚಿ ಅಂತಲೂ ಅಲ್ಲ, ಬೋಟಿನವರ ಹೊಟ್ಟೆಪಾಡು ಅದು, ಮಳೆಗಾಲದಲ್ಲಿ ಹೇಗೂ ಬೋಟು ನಿಲ್ಲತ್ತೆ. ಆದರೆ ಟಿಕೆಟ್ ತಗೊಂಡು ಇಳಿದವನಿಗೆ "ಈ ಕಂಬ ಹತ್ತಬೇಡ, ಯಾಕೆ ಅಂದ್ರೆ..." ಅಂತ ಹೇಳೋ ಒಬ್ಬ ಮನುಷ್ಯ ಬೇಕು. ನಾವು ಹೋದ ದಿನ ನನಗೆ ಕೇಳಿಸಿದ್ದು ನೀರಿಗೆ ಇಳಿಯಬೇಡಿ ಅನ್ನೋ ಸೀಟಿ ಮಾತ್ರ. ಅದು ಬೇಕೇ ಬೇಕು, 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಬಂದ ಮೂವರು ವಿದ್ಯಾರ್ಥಿಗಳು ಅಲ್ಲೇ ಅಲೆಗೆ ಸಿಕ್ಕಿ ಸತ್ತರು. ಮನುಷ್ಯರನ್ನ ಕಾಯೋಕೆ ಸೀಟಿ ಇದೆ, ಕಲ್ಲನ್ನ ಕಾಯೋಕೂ ಒಂದು ಇರಲಿ.

ಇಷ್ಟೆಲ್ಲ ಬರೆಯೋಕೆ ನನಗೆ ನಾಚಿಕೆಯೂ ಆಗ್ತಿದೆ. ಯಾಕಂದ್ರೆ ಅವತ್ತು ನಾನೂ ಒಂದು ತುಂಡು ಎತ್ತಿಕೊಂಡು ಬಂದೆ. ಒಡೆದಿದ್ದಲ್ಲ, ಕಂಬದ ಬುಡದಲ್ಲಿ ಬಿದ್ದಿತ್ತು. ಒಂದು ಕಡೆ ಮೂಲೆ ಇನ್ನೂ ಚೂಪಾಗಿ ಉಳಿದಿತ್ತು. ತಾತನಿಗೆ ತೋರಿಸೋಣ ಅನ್ನೋ ಆಸೆ. ಜೇಬಿಗೆ ಹಾಕುವಾಗ ಆಚೀಚೆ ನೋಡಿದೆ. ಹಾಗೆ ನೋಡಿದೆ ಅಂದ್ರೆ ತಪ್ಪು ಅಂತ ಗೊತ್ತಿತ್ತು ತಾನೆ?

ಮುಂದಿನ ಶನಿವಾರ ಊರಿಗೆ ಹೋದೆ. ತಾತನಿಗೆ ಈಗ ಕಣ್ಣು ಮಂಜು, ಉಳಿ ಬಿಟ್ಟು ವರ್ಷಗಳಾದವು. ಕಲ್ಲನ್ನ ಅಂಗೈಲಿಟ್ಟು ಹೆಬ್ಬೆರಳಲ್ಲಿ ಆ ಮೂಲೆ ಸವರಿದರು. ಆಮೇಲೆ ಸಣ್ಣ ಸುತ್ತಿಗೆ ತರಿಸಿಕೊಂಡು ಮೆಲ್ಲಗೆ ತಟ್ಟಿ ಕಿವಿ ಹತ್ತಿರ ಹಿಡಿದರು. ನಮ್ಮವರು ಕಲ್ಲು ಪರೀಕ್ಷೆ ಮಾಡೋದು ಹಾಗೇ. ಗಂಟೆಯ ಹಾಗೆ ನಾದ ಬಂದರೆ ಗಂಡುಕಲ್ಲು, ದೇವರ ಮೂರ್ತಿಗೆ. ಹೆಣ್ಣುಕಲ್ಲು ಪೀಠಕ್ಕೆ. ನಾದವೇ ಇಲ್ಲದ್ದು ಅಡಿಪಾಯಕ್ಕೆ.

"ಯಾವೂರ್ದು ಇದು? ಯಾರು ಕೊಯ್ದಿದ್ದು ಈ ಮೂಲೆ?"

"ಯಾರೂ ಕೊಯ್ದಿಲ್ಲ ತಾತ. ಸಮುದ್ರದಲ್ಲಿ ತಾನಾಗೇ ಹಂಗಿದೆ. ಇಂಥವು ಸಾವಿರಾರು ಕಂಬ ಇದಾವೆ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕಲ್ಲನ್ನ ನನ್ನ ಕೈಗೆ ವಾಪಸ್ ಇಟ್ಟರು.

"ತಾನಾಗೇ ನಿಂತಿರೋದನ್ನ ನೀನ್ಯಾಕಪ್ಪ ಎತ್ಕೊಂಡ್ ಬಂದೆ? ನಮ್ಗೆ ಕೆಲ್ಸ ಇಲ್ದಿರೋ ಜಾಗ ಅದು."

ಗಂಡೋ ಹೆಣ್ಣೋ ಅಂತ ಕೇಳಿದೆ. ಹೇಳಲಿಲ್ಲ.

ಕಲ್ಲು ಈಗ ಆಫೀಸಿನ ನನ್ನ ಡ್ರಾಯರ್‌ನಲ್ಲಿದೆ, ಚಾರ್ಜರ್ ಪಕ್ಕದಲ್ಲಿ. ಮಳೆ ನಿಂತು ಬೋಟು ಶುರುವಾದ ಮೇಲೆ ಮಲ್ಪೆಗೆ ಇನ್ನೊಂದು ಸಲ ಹೋಗಬೇಕು, ಈ ಸಲ ಟೀಮ್ ಇಲ್ಲದೆ. ಅದಕ್ಕೆ ಮೊದಲು ಒಂದು ಭಾನುವಾರ ಪೆದ್ದಪಲ್ಲಿಗೆ. ನಿಮ್ಮಲ್ಲಿ ಯಾರಾದರೂ ಹೋಗಿದ್ದರೆ ದಾರಿ ಹೇಳಿ. ಜೊತೆಗೆ ಬರ್ತೀನಿ ಅನ್ನೋರಿಗೆ ನನ್ನ ಬೈಕಿನ ಹಿಂದೆ ಒಂದು ಸೀಟು ಖಾಲಿ ಇದೆ.