ಇಳಿಜಾರಿನ ಸೈಕಲ್ಲಿಗೆ ಹೊಸ ದಂಡನೆ ಬೇಕೆ?

ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ಮಾರ್ಗವನ್ನು ನಾಯ್ಕಾಪಿನಲ್ಲಿ ಬಿಟ್ಟು ಅನಂತಪುರದ ಗುಡ್ಡೆಯನ್ನೇರುವ ದಾರಿಯು ಮುರಕಲ್ಲಿನ ನೆಲದ ಮೇಲೆ ಏರುತ್ತ ಇಳಿಯುತ್ತ ಸಾಗುವಂಥದಾದುದರಿಂದ, ಏರಿನಲ್ಲಿ ಸೈಕಲ್ಲನ್ನು ತಳ್ಳಿಕೊಂಡು ಬಂದ ಹುಡುಗನೇ ಇಳಿಜಾರಿನಲ್ಲಿ ಪೆಡಲನ್ನು ಒಮ್ಮೆಯೂ ತುಳಿಯದೆ ಮೋಟಾರು ವಾಹನದ ವೇಗವನ್ನು ಪಡೆದುಬಿಡುತ್ತಾನೆ. ಸರೋವರದ ನಡುವೆ ನೆಲೆಸಿರುವ ಅನಂತಪದ್ಮನಾಭನ ದರ್ಶನಕ್ಕೆ ಬರುವ ವೃದ್ಧರೂ, ಅಲ್ಲಿದ್ದ ಬಬಿಯಾ ಎಂಬ ಮೊಸಳೆಯು 2022ರ ಅಕ್ಟೋಬರಿನಲ್ಲಿ ಕಾಲವಾದ ಮೇಲೂ ಆ ಸರೋವರವನ್ನು ಕಾಣಬೇಕೆಂದು ಬರುವ ಮಕ್ಕಳೂ, ಕೈಗಾರಿಕಾ ಪ್ರದೇಶಕ್ಕೆ ಸರಕು ಹೊರುವ ಲಾರಿಗಳೂ ಇದೇ ಪರಿಸರದ ಮಾರ್ಗಗಳನ್ನು ಹಂಚಿಕೊಳ್ಳಬೇಕಾಗಿದೆ. ಇಂಥಲ್ಲಿ ನಡೆಯುವವನ ಮೈಮೇಲೆ ಸೈಕಲ್ಲು ಬಂದೆರಗಿದಾಗ, ಈ ಸವಾರರನ್ನು ಶಿಕ್ಷಿಸುವುದಕ್ಕೆ ಒಂದು ಕಾನೂನಾದರೂ ಬೇಡವೇ ಎಂಬ ಉದ್ಗಾರವು ಹೊರಡುವುದು ಸ್ವಾಭಾವಿಕವೇ; ಆ ಕೋಪವನ್ನು ನಾನು ಅಲ್ಲಗಳೆಯಲಾರೆ.

ಆದರೆ ಆ ಕಾನೂನು ಈಗಾಗಲೇ ಇದೆ. 1988ರ ಮೋಟಾರು ವಾಹನ ಕಾಯಿದೆಯು ಯಂತ್ರಬಲದಿಂದ ಚಲಿಸುವ ವಾಹನಗಳನ್ನಷ್ಟೇ ಕುರಿತದ್ದಾದುದರಿಂದ ಸೈಕಲ್ಲು ಅದರ ಕೈಗೆ ಸಿಕ್ಕುವುದಿಲ್ಲವೆಂಬುದು ದಿಟ. ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 281ನೆಯ ಕಲಮು, ಸಾರ್ವಜನಿಕ ಮಾರ್ಗದಲ್ಲಿ ಮನುಷ್ಯಜೀವಕ್ಕೆ ಅಪಾಯವಾಗುವಂತೆ ಯಾವುದೇ ವಾಹನವನ್ನು ದುಡುಕಿನಿಂದ ನಡೆಸುವ ಅಥವಾ ಸವಾರಿ ಮಾಡುವ ಪ್ರತಿಯೊಬ್ಬನಿಗೂ ಆರು ತಿಂಗಳವರೆಗಿನ ಸೆರೆವಾಸವನ್ನೋ, ಸಾವಿರ ರೂಪಾಯಿವರೆಗಿನ ದಂಡವನ್ನೋ, ಎರಡನ್ನೂ ಕೂಡಿಯೋ ವಿಧಿಸುತ್ತದೆ. ನಿರ್ಲಕ್ಷ್ಯದಿಂದ ಪ್ರಾಣಹಾನಿಯಾದರೆ 106ನೆಯ ಕಲಮಿನಂತೆ ಐದು ವರ್ಷದವರೆಗೆ ಶಿಕ್ಷೆಯುಂಟು. ಇದು ನಿನ್ನೆ ಮೊನ್ನೆಯ ಆಲೋಚನೆಯೂ ಅಲ್ಲ: 1860ರ ದಂಡಸಂಹಿತೆಯ 279ನೆಯ ಕಲಮೇ ಹೊಸ ಸಂಖ್ಯೆಯನ್ನು ಧರಿಸಿ ಬಂದಿದೆ. ಇಂಗ್ಲೆಂಡಿನ ಸ್ಥಿತಿ ಬೇರೆ. 2016ರಲ್ಲಿ ಲಂಡನ್ನಿನ ಬೀದಿಯೊಂದರಲ್ಲಿ ಮುಂಬದಿಯ ಬ್ರೇಕಿಲ್ಲದ ಸೈಕಲ್ಲು ಬಡಿದು ಮಹಿಳೆಯೊಬ್ಬರು ಮೃತರಾದಾಗ, ಕುದುರೆಗಾಡಿಗಳ ಕಾಲದ 1861ರ ಶಾಸನವೊಂದನ್ನು ಹುಡುಕಿ ತೆಗೆದು ಸವಾರನಿಗೆ ಹದಿನೆಂಟು ತಿಂಗಳ ಶಿಕ್ಷೆಯನ್ನು ಕೊಡಬೇಕಾಯಿತು. ಪ್ರಾಣಹಾನಿಗೆ ಕಾರಣವಾಗುವ ಸೈಕಲ್ ಸವಾರಿಗೆ ಪ್ರತ್ಯೇಕ ಅಪರಾಧವೇ ಬೇಕೆಂಬ ಕೂಗು ಅಲ್ಲಿ ಪ್ರಬಲವಾದದ್ದು ಆ ಪ್ರಕರಣದಿಂದ. ಅವರ ಕೊರತೆಯನ್ನು ನಮ್ಮದೆಂದು ಭಾವಿಸಿ ಅವರ ಔಷಧವನ್ನು ನಾವು ಸೇವಿಸಬೇಕಾಗಿಲ್ಲ.

ಇನ್ನೊಂದು ಮಾತು. ಈ ಇಳಿಜಾರುಗಳಲ್ಲಿ ಕೈಬಿಟ್ಟು ಧಾವಿಸುವವರು ಬಹುಮಟ್ಟಿಗೆ ಶಾಲೆಯ ಹುಡುಗರು. ಏಳು ವರ್ಷ ತುಂಬದ ಮಗುವಿನ ಯಾವ ಕೃತ್ಯವೂ ಅಪರಾಧವಲ್ಲ. ಹನ್ನೆರಡರೊಳಗಿನವನಿಗೆ ತನ್ನ ಕೃತ್ಯದ ಪರಿಣಾಮವನ್ನು ತಿಳಿಯುವಷ್ಟು ಬುದ್ಧಿ ಬಲಿತಿಲ್ಲವಾದರೆ ಅವನೂ ದೋಷಿಯಲ್ಲ. ಹದಿನೆಂಟರೊಳಗಿನ ಉಳಿದವರೆಲ್ಲ ಬಾಲನ್ಯಾಯ ಮಂಡಳಿಯ ಮುಂದೆ ಬರತಕ್ಕವರು. ಹೀಗಿರುವಾಗ ಎಷ್ಟು ಕಠಿಣವಾದ ಶಿಕ್ಷೆಯನ್ನು ಬರೆದಿಟ್ಟರೂ ಅದು ಯಾರನ್ನು ಹೆದರಿಸಲೆಂದು ಬರೆಯಲ್ಪಟ್ಟಿತೋ ಅವರನ್ನು ಮುಟ್ಟದೆ, ಇರುಳಿನ ಪಾಳಿ ಮುಗಿಸಿ ದೀಪವಿಲ್ಲದ ಹಳೆಯ ಸೈಕಲ್ಲಿನಲ್ಲಿ ಬಿಡಾರಕ್ಕೆ ಮರಳುವ ಕೂಲಿಕಾರನ ಮೇಲೆಯೇ ಬೀಳುವುದೆಂದು ನನ್ನ ಭಯ.

ಅಪಾಯದ ಮೂಲವು ಸೈಕಲ್ಲಿನ ಅಂಗಾಂಗಗಳಲ್ಲಿಯೂ ಇದೆ. ಗಂಟೆಗೆ 36 ಕಿಲೋಮೀಟರಿನ ವೇಗದಲ್ಲಿ ಇಳಿಯುವ ಸೈಕಲ್ಲು ಸೆಕೆಂಡಿಗೆ ಹತ್ತು ಮೀಟರನ್ನು ಕ್ರಮಿಸುತ್ತದೆ. ಸವಾರನು ಎದುರಿನ ವ್ಯಕ್ತಿಯನ್ನು ಕಂಡು ಬೆರಳನ್ನು ಬ್ರೇಕಿಗೆ ಒಯ್ಯುವಷ್ಟರಲ್ಲಿಯೇ ಆ ಅಂತರವು ಮುಗಿದಿರುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಒದ್ದೆಯಾದ ರಿಮ್ಮನ್ನು ರಬ್ಬರಿನ ಕಟ್ಟೆಯು ಮೊದಲು ಒರೆಸಿ, ಅನಂತರವಷ್ಟೇ ಹಿಡಿಯಬೇಕಾಗಿರುವುದರಿಂದ ನಿಲ್ಲುವ ದೂರವು ಇನ್ನೂ ಬೆಳೆಯುತ್ತದೆ. ಕಾಸರಗೋಡು ಮದರಾಸು ಪ್ರಾಂತಕ್ಕೆ ಸೇರಿದ್ದ ದಿನಗಳಲ್ಲಿ ಸೈಕಲ್ಲಿಗೆ ತೆರಿಗೆಯಿತ್ತು, ತೆರಿಗೆ ಕೊಟ್ಟುದರ ಗುರುತಾಗಿ ಬಿಲ್ಲೆಯಿತ್ತು, ರಾತ್ರಿಯಲ್ಲಿ ದೀಪವಿಲ್ಲದೆ ಹೋದವನಿಗೂ ಇಬ್ಬರನ್ನು ಕೂರಿಸಿಕೊಂಡವನಿಗೂ ಪೋಲೀಸರ ಹೆದರಿಕೆಯಿತ್ತು. ಆ ತೆರಿಗೆಯು ಮರಳಬೇಕೆಂದು ನಾನು ಹೇಳುವುದಿಲ್ಲ, ಬಡವನ ವಾಹನಕ್ಕೆ ಕರ ಹೇರುವುದು ಅನ್ಯಾಯ. ಆದರೆ ದೀಪ, ಗಂಟೆ, ಬ್ರೇಕುಗಳನ್ನು ಯಾರಾದರೂ ಒಮ್ಮೆ ನೋಡುವ ಪದ್ಧತಿಯು ಅದರೊಡನೆಯೇ ಅಳಿದುಹೋದದ್ದು ನಿಜವಾದ ನಷ್ಟ. ಜೂನಿನಲ್ಲಿ ಶಾಲೆಗಳು ತೆರೆಯುವ ಮುನ್ನ ಪಂಚಾಯತಿಯು ಊರಿನ ಸೈಕಲ್ ರಿಪೇರಿಯವರನ್ನು ಕರೆದು ಶಾಲೆಯ ಅಂಗಳದಲ್ಲಿಯೇ ಬ್ರೇಕನ್ನು ಪರೀಕ್ಷಿಸಿ ಸವೆದ ಕಟ್ಟೆಯನ್ನು ಬದಲಿಸಿಕೊಟ್ಟರೆ, ಅದಕ್ಕೆ ತಗಲುವ ವೆಚ್ಚವು ಒಂದು ಮೊಕದ್ದಮೆಯ ವೆಚ್ಚಕ್ಕಿಂತ ಅಲ್ಪವೇ ಆದೀತು.

ವಿದ್ಯುತ್ ಸೈಕಲ್ಲಿನ ವಿಷಯದಲ್ಲಿಯೂ ನಿಯಮವು ಸ್ಪಷ್ಟವೇ: 250 ವಾಟಿಗಿಂತ ಕಡಿಮೆ ಬಲದ, 25 ಕಿಲೋಮೀಟರಿನ ವೇಗವನ್ನು ಮೀರದ ಯಂತ್ರಕ್ಕೆ ಮಾತ್ರ ನೋಂದಣಿಯಿಂದ ವಿನಾಯಿತಿ. ಅದನ್ನು ಮೀರಿಸಿ ತಿದ್ದಿ ಮಾರುವ ಅಂಗಡಿಯವನನ್ನು ಹಿಡಿಯಲು ಬೇಕಾದದ್ದು ಅಧಿಕಾರಿಯ ಎಚ್ಚರ.

ಕಾನೂನು ನಿಜವಾಗಿ ಮೌನವಾಗಿರುವ ಸ್ಥಳವು ಬೇರೊಂದಿದೆ. ಅದರ ಕಡೆಗೆ ಯಾರೂ ಕಣ್ಣೆತ್ತಿ ನೋಡದಿರುವುದು ನನ್ನನ್ನು ಬಹುವಾಗಿ ನೋಯಿಸುತ್ತದೆ. ಮೋಟಾರು ವಾಹನವು ಬಡಿದು ಗುರುತು ಸಿಕ್ಕದಂತೆ ಓಡಿಹೋದರೂ ಮೃತನ ಮನೆಯವರಿಗೆ ಎರಡು ಲಕ್ಷ, ತೀವ್ರವಾಗಿ ಗಾಯಗೊಂಡವನಿಗೆ ಐವತ್ತು ಸಾವಿರ ರೂಪಾಯಿ ಪರಿಹಾರವು ಶಾಸನದಿಂದಲೇ ದೊರೆಯುತ್ತದೆ. ವಾಹನವು ಸಿಕ್ಕಿದರೆ ವಿಮೆಯೂ ಪರಿಹಾರ ನ್ಯಾಯಮಂಡಳಿಯೂ ಇವೆ. ಸೈಕಲ್ಲು ಬಡಿದು ಸೊಂಟದ ಎಲುಬು ಮುರಿದ ಅಜ್ಜಿಗೆ ಇವುಗಳಲ್ಲಿ ಒಂದೂ ಇಲ್ಲ. ಸೈಕಲ್ಲಿಗೆ ವಿಮೆಯಿಲ್ಲ, ಸವಾರನ ತಂದೆಗೆ ಗತಿಯಿಲ್ಲ, ಸಿವಿಲ್ ದಾವೆಯು ಮುಗಿಯುವಷ್ಟು ಕಾಲ ಕಾಯುವ ವಯಸ್ಸು ಅಜ್ಜಿಗೂ ಇಲ್ಲ. ಹುಡುಗನು ಸೆರೆಮನೆಗೆ ಹೋದನೆಂಬುದರಿಂದ ಆಕೆಯ ಶಸ್ತ್ರಚಿಕಿತ್ಸೆಯ ಸಾಲವು ತೀರುವುದುಂಟೆ? ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೆಯ ಕಲಮು ಅಪರಾಧದಿಂದ ಪೀಡಿತರಾದವರಿಗಾಗಿ ರಾಜ್ಯಗಳು ಪರಿಹಾರ ಯೋಜನೆಯನ್ನು ರಚಿಸಬೇಕೆಂದೂ, ಮೊತ್ತವನ್ನು ಕಾನೂನು ಸೇವಾ ಪ್ರಾಧಿಕಾರವು ನಿರ್ಧರಿಸಬೇಕೆಂದೂ ವಿಧಿಸಿದೆ. ಆ ಯೋಜನೆಯಲ್ಲಿ, ಮೋಟಾರಿಲ್ಲದ ವಾಹನದಿಂದ ಗಾಯಗೊಂಡವರನ್ನು ಹೆಸರಿಸಿಯೇ ಸೇರಿಸಿ, ಸವಾರನು ಬಾಲಕನಾಗಿದ್ದರೂ ಅಪರಿಚಿತನಾಗಿದ್ದರೂ ಮೊದಲ ಚಿಕಿತ್ಸೆಯ ಹಣವು ತಡವಿಲ್ಲದೆ ತಲಪುವಂತೆ ತಿರುವನಂತಪುರದ ಸರಕಾರವು ನಿಯಮವನ್ನು ಮಾಡಲಿ. ನಾನು ಬೇಡುವ ಹೊಸ ಕಾನೂನು ಇದೊಂದೇ.

ದೇಶದ ಲೆಕ್ಕವನ್ನು ನೋಡಿದರೂ ಈ ವಿವೇಚನೆಯು ಅಗತ್ಯವೆಂದು ತಿಳಿಯುತ್ತದೆ. 2022ರಲ್ಲಿ ಭಾರತದ ಮಾರ್ಗಗಳಲ್ಲಿ ಮೃತರಾದ 1,68,491 ಜನರಲ್ಲಿ 32,825 ಮಂದಿ ಪಾದಚಾರಿಗಳು. ಸೈಕಲ್ ಸವಾರರೇ ನಾಲ್ಕು ಸಾವಿರಕ್ಕೆ ಮಿಕ್ಕಿ ಸತ್ತರು. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರು ಹೆದ್ದಾರಿಯು ಆರು ಪಥಗಳಾಗಿ ವಿಸ್ತರಿಸಿದ ಮೇಲೆ, ಆಚೆ ಬದಿಗೆ ದಾಟಲು ಅಡಿಸೇತುವೆಯನ್ನು ಹುಡುಕಿಕೊಂಡು ಹೋಗಬೇಕಾದ ಸೈಕಲ್ಲಿನವನು ಸರ್ವಿಸ್ ರಸ್ತೆಯಲ್ಲಿ ವಿರುದ್ಧ ದಿಕ್ಕಿಗೆ ಬರುವುದುಂಟು. ಅವನನ್ನು ತಪ್ಪಿತಸ್ಥನೆನ್ನುವ ಮೊದಲು ಮಾರ್ಗದ ನಕ್ಷೆಯನ್ನು ರಚಿಸಿದವರೂ ಉತ್ತರ ಹೇಳಬೇಕು. ಎಚ್ಚರಿಕೆಯ ಫಲಕಗಳನ್ನು ನಿಲ್ಲಿಸುವುದಾದರೆ ಮಲಯಾಳದೊಡನೆ ಕನ್ನಡದಲ್ಲಿಯೂ ಬರೆಯಿಸತಕ್ಕದ್ದು: 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಈ ನೆಲದಲ್ಲಿ ಕನ್ನಡ ಶಾಲೆಗೆ ಹೋಗುವ ಹುಡುಗನು ತನಗೆ ಓದಬರುವ ಲಿಪಿಯಲ್ಲಿ ಇಳಿಜಾರಿನ ಸೂಚನೆಯನ್ನು ಕಾಣುವುದು ಅವನ ಹಕ್ಕು, ಮತ್ತು ಆ ಫಲಕವು ನಾಯ್ಕಾಪಿನ ತಿರುವಿನಲ್ಲಿಯೇ ಮೊದಲು ನಿಲ್ಲಲಿ.